ಸಹಾಯ ಬೇಕು: 52 ಪೌಂಡ್ ಕಾಂಪೌಂಡ್ ಬಿಲ್ಲಿಗೆ 400 ಸ್ಪೈನ್ ಬಾಣವೋ, 500 ಸ್ಪೈನೋ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಕೆಂಗೇರಿಯಲ್ಲಿ, ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆ ಇರುವ ಬಿಲ್ಲು) ಹಿಡಿದು ಒಂದು ವರ್ಷವಾಯಿತು. ಮೊದಲು ಎಳೆಯುವ ಬಲ 40 ಪೌಂಡ್ ಇಟ್ಟುಕೊಂಡಿದ್ದೆ, ಆಗ 500 ಸ್ಪೈನ್ (ಬಾಣ ಎಷ್ಟು ಬಾಗುತ್ತದೆ ಎಂಬ ಅಳತೆ) ಕಾರ್ಬನ್ ಬಾಣ ಚೆನ್ನಾಗೇ ಹೋಗುತ್ತಿತ್ತು. ಕಳೆದ ತಿಂಗಳು 52 ಪೌಂಡಿಗೆ ಏರಿಸಿದೆ, ಅಲ್ಲಿಂದ ತೊಂದರೆ ಶುರು.

50 ಮೀಟರಿನಲ್ಲಿ ಬಾಣಗಳು ಒಂದು ಕಡೆ ಬೀಳುತ್ತಲೇ ಇಲ್ಲ. ಬಾಣ ನೇರ ಹೋಗುತ್ತಿದೆಯೇ ಎಂದು ಮೊನ್ನೆ ಭಾನುವಾರ ಪೇಪರ್ ಕಟ್ಟಿ ಹತ್ತಿರದಿಂದ ಹೊಡೆದು ನೋಡಿದೆ. ಸಣ್ಣ ದುಂಡು ತೂತು ಬೀಳುವ ಬದಲು ಪೇಪರ್ ಪಕ್ಕಕ್ಕೆ ಎರಡು ಇಂಚು ಹರಿಯಿತು, ಬಾಣ ಕೂರುವ ರೆಸ್ಟನ್ನು ಚೂರುಚೂರೇ ಸರಿಸಿದರೂ ಹರಿಯುವುದು ಕಮ್ಮಿಯಾಗಲಿಲ್ಲ.

ನನ್ನ ಡ್ರಾ (ಹೆದೆ ಎಳೆಯುವ ಉದ್ದ) 28 ಇಂಚು, ಬಾಣ 28.5 ಇಂಚು, ಮೊನೆಯ ತೂಕ 100 ಗ್ರೇನ್. ಅಂಗಡಿಯವರು 500 ಸಾಕು ಅಂದರು. ಆದರೆ 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಬಾಣ ಇಟ್ಟು ನಡುವೆ 880 ಗ್ರಾಂ ತೂಗಿಸಿದರೆ 500 ಸ್ಪೈನ್ ಬಾಣ ಅರ್ಧ ಇಂಚು ಬಾಗುತ್ತದೆ, 400 ಅದಕ್ಕಿಂತ ಕಮ್ಮಿ, ಅಂದರೆ ಜಾಸ್ತಿ ಬಿರುಸು. ಪೌಂಡ್ ಏರಿದರೆ ಬಿರುಸಾದ ಬಾಣವೇ ಬೇಕು ಅಲ್ವಾ? ಮೆತ್ತಗಿನ ಕಾರ್ಬನ್ ಬಾಣ ಬಿಡುವಾಗಲೇ ಮುರಿದರೆ ಕೈಗೆ ಚುಚ್ಚಬಹುದು ಎಂಬ ಭಯವೂ ಇದೆ, ಅದಕ್ಕೇ ಪೌಂಡ್ ಮತ್ತೆ ಇಳಿಸಿದ್ದೇನೆ.

ಹಗುರ ಮೊನೆ ಹಾಕಿದರೆ, ಇಲ್ಲಾ ಅರ್ಧ ಇಂಚು ಕತ್ತರಿಸಿದರೆ ಇದೇ ಬಾಣ ಸರಿಹೋದೀತೇ? ಒಂದು ಡಜನ್ ಹೊಸದು ಸುಮ್ನೆ ಕೊಂಡು ತಪ್ಪಾದರೆ ಕಷ್ಟ. ಕೆಂಗೇರಿ, ರಾಜರಾಜೇಶ್ವರಿ ನಗರದ ಕಡೆ ಯಾರ ಹತ್ತಿರವಾದರೂ ಇದೇ ಉದ್ದದ 400 ಸ್ಪೈನ್ ಬಾಣ ಎರಡಿದ್ದರೆ ಒಂದು ಬೆಳಿಗ್ಗೆ ಹೊಡೆದು ನೋಡಲು ಕೊಡುತ್ತೀರಾ? ನಾನೇ ಬರುತ್ತೇನೆ.