ಲಾಗೋಸ್‌ನಲ್ಲಿ ನಮ್ಮ ಡ್ರೈವರ್‌ಗೆ ಹೆಪಟೈಟಿಸ್ ಬಿ. ಇಲ್ಲಿನ ವೈರಸ್‌ಗೆ ನಮ್ಮ ಲಸಿಕೆ ನಾಟಲ್ವಾ?

ಧಾರವಾಡದವಳು:
ಎಲ್ಲರಿಗೂ ನಮಸ್ಕಾರ. ನಾವು ನೈಜೀರಿಯಾಕ್ಕೆ ಬಂದು ನಾಲ್ಕು ವರ್ಷ ಆಯ್ತು. ನಮ್ಮ ಡ್ರೈವರ್ 31 ವರ್ಷದ ಹುಡುಗ, ನನ್ನ ಮಗಳನ್ನು ಎತ್ತಿ ಆಡಿಸಿದವನು. ಹೋದ ವಾರ ರಕ್ತ ಕೊಡೋಕೆ ಹೋದಾಗ ಹೆಪಟೈಟಿಸ್ ಬಿ ಇದೆ ಅಂತ ಗೊತ್ತಾಯಿತು. ಅವನಿಗೆ ಕಾಮಾಲೆ ಆಗಿದ್ದ ನೆನಪೂ ಇಲ್ಲ, ಆರಾಮಾಗಿದ್ದಾನೆ. ಈಗ ಕಾಂಪೌಂಡಿನ ಕೆಲವರು ಅವನ ತಟ್ಟೆ ಲೋಟ ಬೇರೆ ಇಡಿ, ಆದಷ್ಟು ಬೇಗ ಕೆಲಸ ಬಿಡಿಸಿ ಅಂತಿದ್ದಾರೆ. "ಇಲ್ಲಿಯವರ ವೈರಸ್ಸೇ ಬೇರೆ, ನಮ್ಮ ಲಸಿಕೆ ಅದಕ್ಕೆ ನಾಟಲ್ಲ" ಅಂತ ಒಬ್ಬರು ಹೇಳಿದಾಗ ಸಿಟ್ಟೂ ಬಂತು, ಭಯವೂ ಆಯ್ತು. ಡಾಕ್ಟರ್ ಕೂಡ ಈ ಕಡೆ ಜಾಸ್ತಿ ಇರೋದು "ಇ" ಅನ್ನೋ ತಳಿ ಅಂದರು. ನಿಜಾನಾ? ಇಲ್ಲಿ ಯಾಕಿಷ್ಟು ಜಾಸ್ತಿ? ಅವನ ಹೆಂಡತಿಗೆ ಈಗ ಏಳು ತಿಂಗಳು.

ಮೈಸೂರು ಲ್ಯಾಬ್:
ಅಕ್ಕ, ಮೊದಲು ತಟ್ಟೆ ಲೋಟದ ಮಾತು. ಬೇರೆ ಇಡಬೇಡಿ. ಜೊತೆಗೆ ಉಂಡರೆ, ಕೈ ಹಿಡಿದರೆ ಇದು ಬರಲ್ಲ. ಇದು ಬರೋದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆ ಹೊತ್ತಲ್ಲಿ ತಾಯಿಯಿಂದ ಮಗುವಿಗೆ. ರೇಜರ್, ಟೂತ್‌ಬ್ರಷ್ ಹಂಚಿಕೊಳ್ಳಬಾರದು, ಅಷ್ಟೇ. ಮಗಳಿಗೆ ಪೂರ್ತಿ ಡೋಸ್ ಆಗಿದ್ದರೆ ನಿಶ್ಚಿಂತೆಯಿಂದಿರಿ. ಬಿ ವೈರಸ್ಸಿನ ತಳಿಗಳಿಗೆ ಎ, ಬಿ, ಸಿ ಅಂತ ಹೆಸರಿಡುತ್ತಾ ಹೋಗಿದ್ದಾರೆ, ಆದರೆ ಲಸಿಕೆ ಗುರುತು ಹಿಡಿಯೋ ಮೇಲ್ಮೈ ಭಾಗ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಅದೇ ಲಸಿಕೆ ಲಾಗೋಸ್‌ನಲ್ಲೂ ಕೆಲಸ ಮಾಡುತ್ತದೆ, ಧಾರವಾಡದಲ್ಲೂ ಮಾಡುತ್ತದೆ.

ಈಗ ತಳಿ ವಿಷಯ. ಇದು ನನಗೆ ತುಂಬಾ ಇಷ್ಟದ್ದು, ಸ್ವಲ್ಪ ಉದ್ದ ಆಗುತ್ತೆ. ಉತ್ತರ ಆಫ್ರಿಕಾದಲ್ಲಿ ಡಿ, ಪೂರ್ವ ಮತ್ತು ದಕ್ಷಿಣದಲ್ಲಿ ಎ1 (ಎ ತಳಿಯ ಒಂದು ಉಪತಳಿ), ಸೆನೆಗಲ್‌ನಿಂದ ಅಂಗೋಲಾವರೆಗೆ ಪಶ್ಚಿಮದ ಪಟ್ಟಿಯಲ್ಲಿ ಇ. ನಮ್ಮ ಭಾರತದಲ್ಲಿ ಡಿ ಜಾಸ್ತಿ, ಎ1 ಕೂಡ ಇದೆ. ಅಂದರೆ ಪೂರ್ವ ಆಫ್ರಿಕಾದವರ ತಳಿಯೇ ನಮ್ಮಲ್ಲೂ ಇದೆ, ಹಾಗಿರುವಾಗ "ಅವರ ವೈರಸ್" ಅನ್ನೋದಕ್ಕೆ ಅರ್ಥ ಎಲ್ಲಿ? ಇ ತಳಿಯ ವಿಶೇಷ ಏನು ಗೊತ್ತಾ, ಅಷ್ಟು ದೊಡ್ಡ ಪ್ರದೇಶದಲ್ಲಿ ಕೋಟಿಗಟ್ಟಲೆ ಜನರಲ್ಲಿದ್ದರೂ ಅದರೊಳಗೆ ವ್ಯತ್ಯಾಸ ಬಹಳ ಕಡಿಮೆ. ಜೊತೆಗೆ, ಗುಲಾಮರಾಗಿ ಅಮೆರಿಕಾ ಖಂಡಗಳಿಗೆ ಸಾಗಿಸಲ್ಪಟ್ಟ ಪಶ್ಚಿಮ ಆಫ್ರಿಕನ್ನರ ವಂಶದವರಲ್ಲಿ ಅದು ತೀರಾ ಅಪರೂಪ. ಹಾಗಾಗಿ ಅದು ಹರಡಿದ್ದು ಇತ್ತೀಚೆಗೆ, ಆ ಹಡಗುಗಳು ನಿಂತ ಮೇಲೆ ಅನ್ನೋದು ಹಲವು ಸಂಶೋಧಕರ ವಾದ. ವಸಾಹತು ಕಾಲದಲ್ಲಿ ಒಂದೇ ಸೂಜಿ ಕುದಿಸದೆ ಸಾಲಾಗಿ ನಿಲ್ಲಿಸಿ ಚುಚ್ಚಿದ್ದೂ ಕಾರಣ ಇರಬಹುದು ಅಂತಾರೆ. ನನಗೂ ಅದು ನಂಬುವಂತೆ ಕಾಣುತ್ತೆ.

ಔಷಧದಂಗಡಿ ರಾಯರು:
ಸೂಜಿ ಅಂದ ಕೂಡಲೇ ಈಜಿಪ್ಟ್ ನೆನಪಾಯಿತು. ಅದು ಹೆಪಟೈಟಿಸ್ ಬಿ ಅಲ್ಲ, ಹೆಪಟೈಟಿಸ್ ಸಿ, ಬೇರೆಯೇ ವೈರಸ್. ನೈಲ್ ನದಿಯ ಕಾಲುವೆಗಳಲ್ಲಿ ಬಸವನಹುಳುವಿನಿಂದ ಬರೋ ಶಿಸ್ಟೊಸೋಮ ಅನ್ನೋ ಪರಾವಲಂಬಿ ಹುಳದ ರೋಗ ಇತ್ತು. ಅದನ್ನು ಓಡಿಸೋಕೆ 1950ರ ದಶಕದಿಂದ 80ರ ದಶಕದವರೆಗೆ ಹಳ್ಳಿಹಳ್ಳಿಯಲ್ಲಿ ಇಂಜೆಕ್ಷನ್ ಕೊಟ್ಟರು, ಸೂಜಿ ಸಿರಿಂಜ್ ಸರಿಯಾಗಿ ಶುದ್ಧ ಮಾಡದೆ. ಹುಳದ ಔಷಧದ ಜೊತೆ ಸಿ ವೈರಸ್ಸೂ ಮೈಗೆ ಹೋಯಿತು, ಹೆಚ್ಚಾಗಿ 4ಎ ತಳಿ. ಒಳ್ಳೇದು ಮಾಡೋಕೆ ಹೋಗಿ ಆದ ಅನಾಹುತ ಅದು, ಪಾಪ. ಆದರೆ 2018-19ರಲ್ಲಿ ಅದೇ ದೇಶ ಏಳು ತಿಂಗಳಲ್ಲಿ ಸುಮಾರು 5 ಕೋಟಿ ಜನರನ್ನು ಪರೀಕ್ಷೆ ಮಾಡಿತು, ಸಿಕ್ಕವರಿಗೆ ಪುಕ್ಕಟೆ ಮಾತ್ರೆ ಕೊಟ್ಟಿತು.

ತಳಿ ಯಾವುದು ಅನ್ನೋದು ಮುಖ್ಯ ಆಗೋದು ಈ ಸಿ ವೈರಸ್ಸಿನಲ್ಲಿ. ರುವಾಂಡಾದಲ್ಲಿ 4ಆರ್ ಅನ್ನೋ ಉಪತಳಿ ಇದ್ದವರಿಗೆ ಸೊಫಾಸ್ಬುವಿರ್-ಲೆಡಿಪಾಸ್ವಿರ್ ಅನ್ನೋ ಸಿ ವೈರಸ್ಸಿನ ಮಾತ್ರೆಗಳ ಜೋಡಿ ಉಳಿದವರಷ್ಟು ಚೆನ್ನಾಗಿ ಹಿಡಿಯಲಿಲ್ಲ. ಔಷಧ ಪರೀಕ್ಷೆ ಮಾಡಿದ್ದು ಬಹುತೇಕ ಯುರೋಪ್, ಅಮೆರಿಕಾದ ರೋಗಿಗಳ ಮೇಲೆ, ಅಲ್ಲಿ ಈ ಉಪತಳಿ ಇರಲೇ ಇಲ್ಲ ಅನ್ನಬಹುದು. ಆಫ್ರಿಕಾದ ರಕ್ತದ ಮಾದರಿ ಓದದೆ ಆಫ್ರಿಕಾಕ್ಕೆ ಮಾತ್ರೆ ಕಳಿಸಿದರೆ ಹೀಗೇ ಆಗೋದು.

ಚಳ್ಳಕೆರೆ ಶೇಂಗಾ:
ಡ್ರೈವರ್‌ಗೆ ಒಂದು ಮಾತು ಹೇಳಿ ಮೇಡಂ. ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳ ತಿನ್ನಬಾರದು. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರುತ್ತೆ. ಬಿ ವೈರಸ್ ಇದ್ದವರಿಗೆ ಅದೂ ಸೇರಿದರೆ ಲಿವರ್ ಕ್ಯಾನ್ಸರ್ ಅಪಾಯ ಎಷ್ಟೋ ಪಟ್ಟು ಏರುತ್ತದೆ. ಪಶ್ಚಿಮ ಆಫ್ರಿಕಾದಲ್ಲಿ ಚಿಕ್ಕ ವಯಸ್ಸಿನ ಗಂಡಸರು ಲಿವರ್ ಕ್ಯಾನ್ಸರ್‌ನಿಂದ ಸಾಯೋಕೆ ಇವೆರಡೂ ಸೇರಿದ್ದು ದೊಡ್ಡ ಕಾರಣ. ಗ್ಯಾಂಬಿಯಾದಲ್ಲಿ 1986ರಿಂದಲೇ ಮಕ್ಕಳಿಗೆ ಲಸಿಕೆ ಹಾಕಿ, ದೊಡ್ಡವರಾದ ಮೇಲೆ ಕ್ಯಾನ್ಸರ್ ಕಡಿಮೆ ಆಗುತ್ತಾ ಅಂತ ನೋಡುತ್ತಾ ಬಂದಿದ್ದಾರೆ. ನಾವು ಶೇಂಗಾ ಬೆಳೆಯೋರು, ಒಣಗಿಸೋದ್ರಲ್ಲಿ ತಪ್ಪಿದರೆ ಏನಾಗುತ್ತೆ ಅಂತ ಗೊತ್ತು.

ಧಾರವಾಡದವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಅವನನ್ನೂ ಹೆಂಡತಿಯನ್ನೂ ಕೂರಿಸಿ ಮಾತಾಡಿದೆ. ಅವಳಿಗೂ ಪರೀಕ್ಷೆ ಆಯ್ತು, ಪಾಸಿಟಿವ್. ತುಂಬಾ ಅತ್ತಳು. ಮಗುವಿಗೆ ಏನು ಮಾಡಬೇಕು?

ಮೈಸೂರು ಲ್ಯಾಬ್:
ಅಕ್ಕ, ಈಗಲೇ ಗೊತ್ತಾಗಿದ್ದು ಒಳ್ಳೇದಾಯಿತು. ತಾಯಿಯಿಂದ ಸೋಂಕು ತಗುಲಿದ ಮಕ್ಕಳಲ್ಲಿ ನೂರಕ್ಕೆ 90ರಷ್ಟು ಮಕ್ಕಳಿಗೆ ಅದು ಜೀವನಪೂರ್ತಿ ಉಳಿಯುತ್ತೆ, ದೊಡ್ಡವರಾದ ಮೇಲೆ ತಗುಲಿದರೆ ನೂರಕ್ಕೆ ಐದಕ್ಕಿಂತ ಕಡಿಮೆ. ಅದಕ್ಕೇ ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಬೀಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಲ್ಲಿ ಆಫ್ರಿಕಾ ವಲಯದಲ್ಲಿ ಈ ಡೋಸ್ ಸಿಗೋದು ನೂರರಲ್ಲಿ 18 ಮಕ್ಕಳಿಗೆ ಮಾತ್ರ ಅಂತಿದೆ. ಇಲ್ಲಿ ಯಾಕಿಷ್ಟು ಜಾಸ್ತಿ ಅಂತ ಕೇಳಿದಿರಲ್ಲ, ಈಗಿನ ಮಟ್ಟಿಗೆ ದೊಡ್ಡ ಉತ್ತರ ಇದೇ. ಅವಳ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡಿಸಿ. ಜಾಸ್ತಿ ಇದ್ದರೆ ಕೊನೆಯ ತಿಂಗಳುಗಳಲ್ಲಿ ಟೆನೊಫೊವಿರ್ ಮಾತ್ರೆ ಕೊಡ್ತಾರೆ, ಡಾಕ್ಟರನ್ನು ಈ ವಾರವೇ ಕೇಳಿ.

ಇನ್ನೊಂದು, ಹೆರಿಗೆ ಆಸ್ಪತ್ರೆಗೆ ಮುಂಚೆಯೇ ಹೋಗಿ ವಿಚಾರಿಸಿ. ಎಷ್ಟೋ ಕಡೆ ಲಸಿಕೆ ಬರೋದು ಹತ್ತು ಡೋಸಿನ ಬಾಟಲಿಯಲ್ಲಿ. ಒಂದು ಮಗುವಿಗೋಸ್ಕರ ಒಡೆದರೆ ಉಳಿದದ್ದು ಹಾಳಾಗುತ್ತೆ ಅಂತ ಮಕ್ಕಳು ಸೇರೋವರೆಗೆ ಕಾಯ್ತಾರೆ, ಅಷ್ಟರಲ್ಲಿ ದಿನಗಳೇ ಕಳೆದುಹೋಗುತ್ತವೆ. ಶನಿವಾರ ರಾತ್ರಿ ಹೆರಿಗೆಯಾದರೂ ಡೋಸ್ ಕೊಡ್ತೀರಾ ಅಂತ ನೇರವಾಗಿ ಕೇಳಿ.

ಧಾರವಾಡದವಳು:
ಸೋಮವಾರ ಬೆಳಿಗ್ಗೆ ನಾನೇ ಅವಳ ಜೊತೆ ಹೋಗ್ತೀನಿ.