ಗ್ಲುಟನ್ ಇಲ್ಲದ ಆಹಾರಕ್ರಮ: ಪುಸ್ತಕ ಕೊಳ್ಳುವ ಮೊದಲು ಏನನ್ನು ನೋಡಬೇಕು?

ಪ್ರಶ್ನೆ

ನನ್ನ ಮಗಳಿಗೆ ಸೀಲಿಯಾಕ್ ಕಾಯಿಲೆ (ಗ್ಲುಟನ್ ತಿಂದರೆ ಸಣ್ಣ ಕರುಳಿಗೆ ಹಾನಿಯಾಗುವ ಕಾಯಿಲೆ) ಇರುವುದು ಇತ್ತೀಚೆಗೆ ಬಯಾಪ್ಸಿಯಿಂದ ಖಚಿತವಾಗಿದ್ದು, ಗ್ಲುಟನ್ ಎಂಬ ಪ್ರೋಟೀನ್ ಇರುವ ಗೋಧಿ, ಬಾರ್ಲಿ, ರೈ ಮೂರನ್ನೂ ಜೀವನಪೂರ್ತಿ ಬಿಡಬೇಕೆಂದು ವೈದ್ಯರು ತಿಳಿಸಿದ್ದಾರೆ. ಪುಸ್ತಕಗಳನ್ನು ಹುಡುಕಿದರೆ ಒಂದೋ ಬಣ್ಣದ ಚಿತ್ರಗಳ ಅಡುಗೆ ಪುಸ್ತಕಗಳು ಸಿಗುತ್ತವೆ, ಇಲ್ಲವೇ ಗ್ಲುಟನ್ ಬಿಟ್ಟವರಿಗೆ ಯಾವ ಕಾಯಿಲೆಯೂ ಬಾರದೆಂದು ಸಾರುವಂಥವು. ನಮಗೆ ನಿಜವಾಗಿ ಉಪಯೋಗಕ್ಕೆ ಬರುವುದನ್ನು ಗುರುತಿಸುವುದು ಹೇಗೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ಪುಸ್ತಕ ಕೈಗೆ ಸಿಕ್ಕಾಗ ಪಾಕವಿಧಾನಗಳನ್ನು ಬಿಟ್ಟು, ರೋಗಪತ್ತೆಯ ಬಗ್ಗೆ ಲೇಖಕರು ಏನು ಬರೆದಿದ್ದಾರೆಂದು ಮೊದಲು ಓದಿ. ಗ್ಲುಟನ್ ಸೇವನೆ ನಿಂತ ಮೇಲೆ ರಕ್ತಪರೀಕ್ಷೆಯಲ್ಲಿ ಹುಡುಕುವ ಪ್ರತಿಕಾಯಗಳ (ಆಂಟಿಬಾಡಿಗಳ) ಮಟ್ಟ ಇಳಿಯುತ್ತದೆ, ಸಣ್ಣ ಕರುಳಿನ ಒಳಪದರವೂ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ಪರೀಕ್ಷೆಗೆ ಮುನ್ನವೇ ಪಥ್ಯ ಹಿಡಿದರೆ, ಕಾಯಿಲೆಯಿದ್ದರೂ ಅದು ಫಲಿತಾಂಶದಲ್ಲಿ ಕಾಣದೆ ಹೋಗಬಹುದು. ಈ ಎಚ್ಚರಿಕೆಯನ್ನು ಕೊಡದೆ ‘ಕೆಲವು ವಾರ ಬಿಟ್ಟು ನೋಡಿ’ ಎನ್ನುವ ಲೇಖಕರನ್ನು ಉಳಿದ ವಿಷಯಗಳಲ್ಲೂ ನಾನು ನಂಬುವುದಿಲ್ಲ. ನಿಮ್ಮ ಮಗಳ ಮಟ್ಟಿಗೆ ಈ ಹಂತ ಮುಗಿದಿರಬಹುದು, ಆದರೆ ಕಾಯಿಲೆಗೆ ಅನುವಂಶೀಯ ಹಿನ್ನೆಲೆ ಇರುವುದರಿಂದ ತಂದೆತಾಯಿ ಮತ್ತು ಒಡಹುಟ್ಟಿದವರಿಗೂ ಪರೀಕ್ಷೆಯನ್ನು ಸೂಚಿಸುವುದುಂಟು. ಆ ಪುಟಗಳು ನಿಮಗೂ ಬೇಕಾಗುತ್ತವೆ.

ಎರಡನೆಯದಾಗಿ, ಪ್ರಕಟಣೆಯ ವರ್ಷವನ್ನು ಗಮನಿಸಿ; ಹಳೆಯ ತಿಳಿವಳಿಕೆ ಆಮೇಲೆ ಬದಲಾಗಿರಬಹುದು. 1924ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಹಾಸ್ ಈ ಕಾಯಿಲೆಗೆ ಬಾಳೆಹಣ್ಣಿನ ಪಥ್ಯವನ್ನು ಸೂಚಿಸಿದರು; ಮಕ್ಕಳು ಚೇತರಿಸಿಕೊಂಡದ್ದರಿಂದ ಅದು ದಶಕಗಳ ಕಾಲ ಬಳಕೆಯಲ್ಲಿತ್ತು. ಅವರನ್ನು ಉಳಿಸಿದ್ದು ಬಾಳೆಹಣ್ಣಲ್ಲ, ಆ ಪಥ್ಯದಲ್ಲಿ ಗೋಧಿ ಇಲ್ಲದಿದ್ದದ್ದು. ಗೋಧಿಯೇ ಕಾರಣವೆಂಬುದನ್ನು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ 1950ರ ತಮ್ಮ ಪ್ರಬಂಧದಲ್ಲಿ ಮಂಡಿಸಿದರು. ಗುಣ ಕಂಡ ಮಾತ್ರಕ್ಕೆ ಕಾರಣ ತಿಳಿದಂತಲ್ಲ ಎಂಬ ಈ ವಿವೇಚನೆ ಇಂದಿನ ಹಲವು ‘ಪವಾಡ’ ಪುಸ್ತಕಗಳಲ್ಲಿ ಕಾಣುವುದಿಲ್ಲ.

ಉತ್ತರ 2

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ದಿನನಿತ್ಯ ಅಡುಗೆಮನೆಯನ್ನು ನಡೆಸುವವರಿಗೆ ಅದಕ್ಕಿಂತ ಮುಖ್ಯವಾದದ್ದು ಗ್ಲುಟನ್ ಬೆರಕೆಯ ಕುರಿತ ಅಧ್ಯಾಯ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ‘ಗ್ಲುಟನ್ ಮುಕ್ತ’ ಎನ್ನಿಸಿಕೊಳ್ಳುವ ಆಹಾರದಲ್ಲಿ ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟನ್ ಇರಬಾರದು. ಮಿತಿ ಇಷ್ಟು ಕಡಿಮೆಯಿರುವಾಗ, ಎಲ್ಲರೂ ಬಳಸುವ ಟೋಸ್ಟರ್, ಜರಡಿ, ಗೀರುಬಿದ್ದ ಮರದ ಹಲಗೆ, ಗಾಳಿಯಲ್ಲಿ ತೇಲುವ ಗೋಧಿಹಿಟ್ಟು ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಇವುಗಳ ಬಗ್ಗೆ ಒಂದು ಸಾಲೂ ಇಲ್ಲದೆ ನೂರಾರು ಪಾಕವಿಧಾನಗಳಿದ್ದರೆ ಆ ಪುಸ್ತಕವನ್ನು ಕೆಳಗಿಡಿ. ಮಾಲ್ಟ್ ಬಾರ್ಲಿಯಿಂದ ಬರುತ್ತದೆ, ಸಾಮಾನ್ಯ ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತದೆ, ‘ಗೋಧಿ ರಹಿತ’ ಎಂದರೆ ‘ಗ್ಲುಟನ್ ರಹಿತ’ ಎಂದಾಗುವುದಿಲ್ಲ ಎಂಬುದನ್ನು ಲೇಖಕರು ಬಿಡಿಸಿ ಹೇಳಿರಬೇಕು.

ಉತ್ತರ 3

ಬ್ರೆಡ್ಡು, ಕೇಕು ಮಾಡುವವರಾದರೆ ಅಳತೆಗಳನ್ನು ಗ್ರಾಮಿನಲ್ಲಿ ಕೊಟ್ಟಿರುವ ಪುಸ್ತಕವನ್ನೇ ಆರಿಸಿ, ಏಕೆಂದರೆ ಬೇರೆಬೇರೆ ಹಿಟ್ಟುಗಳು ಒಂದೇ ಬಟ್ಟಲಿನಲ್ಲಿ ಬೇರೆಬೇರೆ ತೂಗುತ್ತವೆ. ಹಿಟ್ಟಿಗೆ ಜಿಗುಟು ಕೊಡುವುದೇ ಗ್ಲುಟನ್. ಅದರ ಬದಲಿಗೆ ಬಳಸುವ ಇಸಬಗೋಲು, ಜಾಂಥನ್ ಗಮ್ ಏನು ಮಾಡುತ್ತವೆಂದು ಬರೆದಿದ್ದರೆ ನೀವೇ ಪಾಕವನ್ನು ತಿದ್ದಿಕೊಳ್ಳಬಹುದು. ಕಬ್ಬಿಣ, ಕ್ಯಾಲ್ಸಿಯಂ, ನಾರಿನ ಬಗ್ಗೆ ಯೋಚಿಸದೆ ಬರೀ ಪಿಷ್ಟ, ಸಕ್ಕರೆ ಸೇರಿಸುತ್ತ ಹೋಗುವ ಪುಸ್ತಕಗಳೇ ಹೆಚ್ಚು, ಎಚ್ಚರವಿರಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಾನು ನೋಡಿದ ಒಂದು ಪುಸ್ತಕ ಓಟ್ಸ್ ಪೂರ್ತಿ ನಿಷಿದ್ಧವೆನ್ನುತ್ತದೆ, ಇನ್ನೊಂದು ಧಾರಾಳವಾಗಿ ತಿನ್ನಿ ಎನ್ನುತ್ತದೆ. ಯಾವುದು ಸರಿ?

ಉತ್ತರ 1

ಎರಡೂ ಅರ್ಧಕ್ಕೆ ನಿಂತಿವೆ. ಸಾಮಾನ್ಯ ಓಟ್ಸ್‌ಗೆ ಹೊಲದಲ್ಲೋ ಗಿರಣಿಯಲ್ಲೋ ಗೋಧಿ, ಬಾರ್ಲಿ ಬೆರೆತಿರುವ ಸಾಧ್ಯತೆ ಹೆಚ್ಚು. ಬೆರಕೆಯಿಲ್ಲವೆಂದು ಪ್ರಮಾಣೀಕರಿಸಿದ ಓಟ್ಸ್ ಬಹುಪಾಲು ರೋಗಿಗಳಿಗೆ ಒಗ್ಗುತ್ತದೆ, ಕೆಲವರಿಗೆ ಅದೂ ಒಗ್ಗುವುದಿಲ್ಲ. ಹಾಗಾಗಿ ಅದನ್ನು ಯಾವಾಗ, ಎಷ್ಟು ಕೊಡಬೇಕೆಂಬುದನ್ನು ಮಗಳ ವೈದ್ಯರನ್ನೋ ಆಹಾರತಜ್ಞರನ್ನೋ ಕೇಳಿಯೇ ನಿರ್ಧರಿಸಿ.