ಪೈ ಕಳಿಸಿದ್ದು ಬರುತ್ತದೆ, ನಾನು ಕಳಿಸಿದ್ದು ಮುಟ್ಟುವುದಿಲ್ಲ: ಎಚ್‌ಸಿ-12 ಸಮಸ್ಯೆ

ತೊಗರಿಹೊಲ, ಕಲಬುರಗಿ
ಶರಣ್ರೀ ಎಲ್ಲರಿಗೂ. ಹೊಲದ ಶೆಡ್ಡಿನಲ್ಲಿ ರಾಸ್ಪ್‌ಬೆರಿ ಪೈ 3 ಅನ್ನೋ ಪುಟ್ಟ ಕಂಪ್ಯೂಟರ್ ಇಟ್ಟಿದ್ದೇನೆ. ಮಣ್ಣಿನ ತೇವ ಓದುತ್ತದೆ, ನಾನು ಹೇಳಿದಾಗ ಮೋಟರ್ ಹಾಕಬೇಕು. ಅಲ್ಲಿ ವೈಫೈ ಇಲ್ಲ. ಅದಕ್ಕೆ ಎರಡೂ ಕಡೆ ಎಚ್‌ಸಿ-12 ರೇಡಿಯೊ. ಮನೆ ಕಡೆ ರೇಡಿಯೊವನ್ನು ಲ್ಯಾಪ್‌ಟಾಪಿಗೆ ಜೋಡಿಸಲು ಎಫ್‌ಟಿ232 ಯುಎಸ್‌ಬಿ ಬೋರ್ಡ್. ತೇವದ ಅಂಕಿ ಚೆನ್ನಾಗಿ ಬರುತ್ತಿವೆ. ನಾನು 'ಮೋಟರ್ ಆನ್' ಅಂತ ಕಳಿಸಿದರೆ ಮಾತ್ರ ಪೈಗೆ ಮುಟ್ಟುವುದೇ ಇಲ್ಲ. ಎರಡರ ಬೌಡ್ (ಕಳಿಸುವ ವೇಗ) 9600, ಎರಡೂ ಚಾನೆಲ್ 1. ನಮ್ಮ ಬಿಸಿಲಿಗೆ ಮಾಡ್ಯೂಲ್ ಹೋಗಿರಬಹುದಾ?

ಭೀಮಾ ದಂಡೆ, ಯಾದಗಿರಿ
ಎರಡೂ ಮಾಡ್ಯೂಲ್ ಅದಲುಬದಲು ಮಾಡಿ ನೋಡಿ. ಬಿಸಿಲು ನಮ್ಮಲ್ಲೂ ಅಷ್ಟೇ ಇದೆ, ನನ್ನದು ಓಡುತ್ತಿದೆ.

ತೊಗರಿಹೊಲ
ಮಾಡಿದೆ. ಆಗಲೂ ಮನೆಯಿಂದ ಹೋಗುವುದೇ ನಿಲ್ಲುತ್ತದೆ.

ಬೆಸುಗೆ, ಬೀದರ್
ಹಾಗಾದರೆ ಮಾಡ್ಯೂಲ್ ಸರಿ ಇದೆ. ಬೌಡ್, ಚಾನೆಲ್ ತಪ್ಪಿದ್ದರೆ ಆ ಕಡೆಯಿಂದಲೂ ಬರುತ್ತಿರಲಿಲ್ಲ, ಅಲ್ವಾ? ಮನೆ ಕಡೆಯ ಮಾಡ್ಯೂಲಿಗೆ ಕರೆಂಟ್ ಎಲ್ಲಿಂದ ಕೊಟ್ಟಿದ್ದೀರಿ?

ತೊಗರಿಹೊಲ
ಎಫ್‌ಟಿ232ರ 3.3 ವೋಲ್ಟ್ ಪಿನ್ನಿನಿಂದ. ಮೀಟರಿನಲ್ಲಿ ಸರಿಯಾಗಿ 3.3 ತೋರಿಸುತ್ತದೆ.

ಬೆಸುಗೆ
ಸುಮ್ನೆ ಕೂತಾಗ ತೋರಿಸುತ್ತದೆ. ಆ ಪಿನ್ ಕೊಡುವುದು ಹೆಚ್ಚೆಂದರೆ 50 ಮಿಲಿಆಂಪ್. ಎಚ್‌ಸಿ-12 ಕೇಳಿಸಿಕೊಳ್ಳುವಾಗ 16 ಮಿಲಿಆಂಪ್ ಸಾಕು, ಪೂರ್ತಿ ಪವರಿನಲ್ಲಿ ಕಳಿಸುವಾಗ 100ರ ಹತ್ತಿರ ಎಳೆಯುತ್ತದೆ. ಬಾಯಿ ತೆರೆದ ಕೂಡಲೇ ಉಸಿರು ಕಟ್ಟುತ್ತದೆ ಪಾಪ. ಉದ್ದದ ಸಾಲು ಕಳಿಸುತ್ತಾ ಮೀಟರ್ ನೋಡಿ.

ಮೊಬೈಲ್ ಚಾರ್ಜರಿನ 5 ವೋಲ್ಟ್ ಕೊಡಿ, ಮಧ್ಯೆ ಒಂದು 1ಎನ್4007 ಡಯೋಡ್ ಹಾಕಿ. ಮಾಡ್ಯೂಲಿನ ಕಾಲ ಹತ್ತಿರವೇ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ. ಚಾರ್ಜರ್ ಮತ್ತು ಎಫ್‌ಟಿ232ರ ಗ್ರೌಂಡ್ ಸೇರಿಸುವುದನ್ನು ಮರೆಯಬೇಡಿ. ಎಫ್‌ಟಿ232 ಬೋರ್ಡಿನಲ್ಲಿ ವೋಲ್ಟ್ ಆರಿಸುವ ಜಂಪರ್ 3.3ರಲ್ಲೇ ಇರಲಿ. ಹಾಗೇ, ಟೇಬಲ್ ಮೇಲೆ ಪರೀಕ್ಷೆ ಮಾಡುವಾಗ ಎರಡು ರೇಡಿಯೊ ಒಂದಕ್ಕೊಂದು ಅಂಟಿಸಿ ಇಡಬೇಡಿ. ಎರಡು ಮೀಟರ್ ದೂರ ಬೇಕು.

ತೊಗರಿಹೊಲ
ಕಳಿಸುವಾಗ 2.6ಕ್ಕೆ ಬೀಳುತ್ತಿತ್ತು ರೀ! ಚಾರ್ಜರ್ ಹಾಕಿದೆ, ಈಗ ಮುಟ್ಟುತ್ತಿದೆ. ಆದರೆ ಅಕ್ಷರ ಅರ್ಧಂಬರ್ಧ. ಒಮ್ಮೆ 'ಮೋರ್ ಆ', ಒಮ್ಮೆ ಬರೀ 'ಟ'.

ಬೆಸುಗೆ
ಲ್ಯಾಪ್‌ಟಾಪಿನಲ್ಲಿ ಯಾವಾಗಲಾದರೂ 'ಲಾಗಿನ್' ಅಂತ ಕಾಣುತ್ತಾ?

ತೊಗರಿಹೊಲ
ಮೊದಲಿಂದಲೂ ಕಾಣುತ್ತದೆ. ಕಸ ಅಂತ ಬಿಟ್ಟಿದ್ದೆ.

ಬೆಸುಗೆ
ಅದನ್ನೇ ಮೊದಲು ಹೇಳಬೇಕಿತ್ತು ಅಣ್ಣಾ! ರೇಡಿಯೊ ಜೋಡಿಸಿರುವ ಸೀರಿಯಲ್ ಪೋರ್ಟಿನಲ್ಲೇ ಪೈ ಲಾಗಿನ್ ಪ್ರೋಗ್ರಾಂ ಓಡಿಸುತ್ತಿದೆ. ನಿಮ್ಮ ಪೈಥಾನ್ ಸ್ಕ್ರಿಪ್ಟೂ ಅಲ್ಲೇ ಓದುತ್ತಿದೆ. ಒಂದೇ ತಟ್ಟೆಗೆ ಇಬ್ಬರು ಕೈ ಹಾಕಿದ ಹಾಗೆ. ಯಾವ ಅಕ್ಷರ ಯಾರಿಗೆ ಸಿಕ್ಕಿತೋ ಅವರಿಗೆ. ಪೈಯಲ್ಲಿ ರಾಸ್ಪಿ-ಕಾನ್ಫಿಗ್ ಅನ್ನೋ ಸೆಟ್ಟಿಂಗ್ ಪ್ರೋಗ್ರಾಂ ತೆರೆದು ಇಂಟರ್‌ಫೇಸ್‌ನಲ್ಲಿ ಸೀರಿಯಲ್‌ಗೆ ಹೋಗಿ. ಲಾಗಿನ್ ಶೆಲ್ ಬೇಕಾ ಅಂದರೆ ಬೇಡ ಅನ್ನಿ, ಹಾರ್ಡ್‌ವೇರ್ ಪೋರ್ಟ್ ಬೇಕಾ ಅಂದರೆ ಬೇಕು ಅನ್ನಿ. ರೀಬೂಟ್ ಮಾಡಿ.

ತೊಗರಿಹೊಲ
ಮೋಟರ್ ಹತ್ತಿತು! ಆರಿಸಿದರೆ ಆರಿತು ಕೂಡ. ಐವತ್ತು ಸಲ ಕಳಿಸಿದೆ, ಒಂದು ಸಲ ಮಾತ್ರ ತಪ್ಪಿತು.

ಬೆಸುಗೆ
ಆ ಒಂದು ಸಲ 'ಆಫ್' ಆಗಿದ್ದರೆ ಹೊಲ ಕೆರೆಯಾಗುತ್ತದೆ. ಮುಟ್ಟಿತೋ ಇಲ್ಲವೋ ಎಚ್‌ಸಿ-12 ಹೇಳುವುದಿಲ್ಲ. ಪೈ ಪ್ರತಿ ಸಲ 'ಸಿಕ್ಕಿತು' ಅಂತ ವಾಪಸ್ ಕಳಿಸಲಿ. ಹತ್ತು ನಿಮಿಷ ಮನೆಯಿಂದ ಸುದ್ದಿಯೇ ಇಲ್ಲದಿದ್ದರೆ ತಾನೇ ಮೋಟರ್ ಆರಿಸಲಿ.